ಛಲೋ ಕಾದಂಬರಿ ಯಾವುದು? ಯಾರಿಗೆ ಅಂತ ಮೊದಲು ಹೇಳಿ

"ಒಂದು ಛಲೋ ಕಾದಂಬರಿ ಹೇಳ್ರಿ" ಎಂದು ಯಾರಾದರೂ ಕೇಳಿದರೆ ನಮ್ಮ ಬಾಯಿಗೆ ಮೊದಲು ಬರುವುದು ನಮಗೆ ಇಷ್ಟವಾದ ಪುಸ್ತಕದ ಹೆಸರು. ಕೇಳಿದವರು ನಂಬಿ ಕೊಳ್ಳುತ್ತಾರೆ. ಒಂದಿಷ್ಟು ಪುಟ ಓದಿ ಟಿ.ವಿ. ಪಕ್ಕದಲ್ಲಿ ಇಡುತ್ತಾರೆ. ಮುಂದೆ ಸಂತೆಯಲ್ಲೋ ಮದುವೆಯಲ್ಲೋ ಸಿಕ್ಕಾಗ "ಓದಾಕತ್ತೇನ್ರಿ, ಇನ್ನಾ ಮುಗಿದಿಲ್ಲ" ಎನ್ನುತ್ತಾರೆ. ಅದು ಮುಗಿಯುವುದೂ ಇಲ್ಲ. ಪುಸ್ತಕ ಕೆಟ್ಟದ್ದಲ್ಲ, ಓದುವವರೂ ದಡ್ಡರಲ್ಲ. ಜೋಡಿ ಕೂಡಲಿಲ್ಲ, ಅಷ್ಟೇ.

ಅದಕ್ಕೇ ನಾನು ಹೆಸರು ಹೇಳುವ ಮೊದಲು ಎರಡು ಮಾತು ಕೇಳುತ್ತೇನೆ. ದಿನಕ್ಕೆ ಓದಲು ಎಷ್ಟು ಹೊತ್ತು ಸಿಗುತ್ತದೆ? ಯಾವ ಕನ್ನಡ ನಿಮ್ಮ ಕಿವಿಗೆ ಹತ್ತಿರ?

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಎರಡನೆಯದೇ ದೊಡ್ಡ ಪ್ರಶ್ನೆ. ಇಲ್ಲಿ ಶಾಲೆಯ ಕನ್ನಡ ಒಂದು, ಮನೆಯ ಕನ್ನಡ ಇನ್ನೊಂದು. ಬೆಳಗಾವಿ ಪೇಟೆಯಲ್ಲಿ ಅದಕ್ಕೆ ಮರಾಠಿ ಬೆರೆಯುತ್ತದೆ, ವಿಜಯಪುರದಲ್ಲಿ ಉರ್ದು. ಪಠ್ಯಪುಸ್ತಕದ ಕನ್ನಡ ಕಂಡರೆ ಪರೀಕ್ಷೆ ನೆನಪಾಗುವ ಜನ ಜಾಸ್ತಿ ಇದ್ದಾರೆ. ಅಂಥವರಿಗೆ ಅವರ ಅವ್ವ, ಕಾಕಾ ಮಾತಾಡುವ ಮಾತು ಅಚ್ಚಾಗಿರುವ ಪುಸ್ತಕ ಕೊಟ್ಟು ನೋಡಿ. ಓದುವ ವೇಗವೇ ಬೇರೆಯಾಗುತ್ತದೆ. ತುಮಕೂರಿನಿಂದ ಮುಧೋಳಕ್ಕೆ ವರ್ಗವಾಗಿ ಬಂದ ಮಾಸ್ತರರಿಗೆ ಅದೇ ಪುಸ್ತಕ ಕೊಟ್ಟರೆ ಕಷ್ಟ. ಪ್ರತಿ ಸಾಲಿಗೂ ಪಕ್ಕದ ಮನೆಯವರನ್ನು ಅರ್ಥ ಕೇಳಬೇಕಾಗುತ್ತದೆ.

ಮೊದಲು ಹಳ್ಳಿಯ ಕಾದಂಬರಿಗಳನ್ನು ನೋಡೋಣ. ಆಯ್ಕೆ ಮಾಡಲು ಅತಿ ಕಷ್ಟವಾಗುವುದು ಇಲ್ಲೇ.

ನಮ್ಮ ಕಡೆಯ ಹಳ್ಳಿಯ ಕಾದಂಬರಿ ಎಂದ ಕೂಡಲೇ ತಿಳಿದವರು ರಾವಬಹಾದ್ದೂರರ 'ಗ್ರಾಮಾಯಣ'ದ ಹೆಸರು ಹೇಳುತ್ತಾರೆ. ಅದು ಬಂದದ್ದು 1957ರಲ್ಲಿ. ಪಾದಳ್ಳಿ ಎಂಬ ಊರು ಒಳಗೊಳಗೇ ಕೆಡುತ್ತ ಹೋಗುವ ಕಥೆ. ಇದರಲ್ಲಿ ಒಬ್ಬ ನಾಯಕ, ಒಬ್ಬಳು ನಾಯಕಿ ಅಂತ ಇಲ್ಲ. ಊರೇ ನಾಯಕ. ಹಗೆ, ಚಾಡಿ, ಆಸ್ತಿಯ ಆಸೆ, ದೊಡ್ಡ ಮನೆತನಗಳ ಸೊಕ್ಕು, ನಡುವೆ ಸಿಕ್ಕ ಸಾಧು ಜನ, ಎಲ್ಲ ಒಂದರ ಮೇಲೊಂದು ಬರುತ್ತವೆ. ನನ್ನನ್ನು ಕೇಳಿದರೆ ಉತ್ತರ ಕರ್ನಾಟಕದ ಹಳ್ಳಿಯನ್ನು ಇಷ್ಟು ಅಗಲವಾಗಿ ಹಿಡಿದ ಇನ್ನೊಂದು ಕಾದಂಬರಿ ಇಲ್ಲ. ಆದರೂ ಹೊಸ ಓದುಗರಿಗೆ ಮೊದಲ ಪುಸ್ತಕವಾಗಿ ಇದನ್ನು ನಾನು ಹೇಳುವುದಿಲ್ಲ. ಪಾತ್ರಗಳು ಬಹಳ. ಶುರುವಿನಲ್ಲಿ ಯಾರು ಯಾರ ಮಗ, ಯಾರಿಗೆ ಯಾರ ಮೇಲೆ ಸಿಟ್ಟು ಎಂದು ನೆನಪಿಡುವುದೇ ಕೆಲಸವಾಗುತ್ತದೆ. ದಿನಕ್ಕೆ ಹತ್ತು ನಿಮಿಷ ಓದುವವರಿಗೆ ಮರುದಿನ ಹಿಂದಿನದು ಮರೆತಿರುತ್ತದೆ. ಬೇಸಿಗೆ ರಜೆಯಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲು ಆಗದ ಬಿಸಿಲಿರುತ್ತದಲ್ಲ, ಆಗ ಓದಬೇಕಾದ ಪುಸ್ತಕ ಇದು. ಒಂದು ಚೀಟಿಯಲ್ಲಿ ಹೆಸರುಗಳನ್ನು ಬರೆದು ಪುಟದ ನಡುವೆ ಇಟ್ಟುಕೊಂಡರೆ ಸಲೀಸು.

ಇದರ ಎದುರಿಗೆ ರಾಘವೇಂದ್ರ ಪಾಟೀಲರ 'ತೇರು' ಇಟ್ಟು ನೋಡಿ. ಪಾಟೀಲರು ಗೋಕಾಕ ಸೀಮೆಯ ಬೆಟಗೇರಿಯವರು. ಕಾದಂಬರಿಗೆ 2005ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಧರಮನಟ್ಟಿಯ ವಿಠ್ಠಲ ದೇವರ ತೇರು ಕದಲದೆ ನಿಲ್ಲುತ್ತದೆ. ಅದನ್ನು ನಡೆಸಲು ಒಂದು ಬಡ ಮನೆಯ ಕೂಸಿನ ಬಲಿ ಆಗುತ್ತದೆ. ಬದಲಿಗೆ ಆ ಮನೆಗೆ ಹೊಲ ಸಿಗುತ್ತದೆ. ಮುಂದಿನ ತಲೆಮಾರುಗಳಿಗೆ ಪ್ರತಿ ಜಾತ್ರೆಯಲ್ಲೂ ತೇರಿಗೆ ರಕ್ತದ ತಿಲಕ ಇಡುವ 'ಸೇವೆ'ಯೂ ಗಂಟು ಬೀಳುತ್ತದೆ. ಹೊಲ ಸಿಕ್ಕಿದ್ದು ಭಾಗ್ಯವೋ ಶಾಪವೋ ಎಂಬ ಪ್ರಶ್ನೆ ಸ್ವಾತಂತ್ರ್ಯ ಬಂದ ಮೇಲಿನ ಕಾಲದವರೆಗೂ ಆ ವಂಶವನ್ನು ಬಿಡುವುದಿಲ್ಲ.

'ಗ್ರಾಮಾಯಣ' ಅಗಲಕ್ಕೆ ಹೋದರೆ 'ತೇರು' ಆಳಕ್ಕೆ ಹೋಗುತ್ತದೆ. ಒಂದೇ ಘಟನೆ, ಒಂದೇ ಮನೆ, ಹಲವು ತಲೆಮಾರು. ಪುಸ್ತಕ ತೆಳ್ಳಗಿದೆ. ಜಾತ್ರೆ, ತೇರು, ಊರೂರಿಗೆ ಕಥೆ ಹಾಡುವ ಗೊಂದಲಿಗರ ಹಾಡು ಇವೆಲ್ಲ ನಮ್ಮವರಿಗೆ ಕಂಡು ಗೊತ್ತಿದ್ದದ್ದೇ, ಹಾಗಾಗಿ ಒಳಗೆ ಹೋಗಲು ತಡವಾಗುವುದಿಲ್ಲ. ಬಹಳ ದಿನ ಓದು ಬಿಟ್ಟವರು ಮತ್ತೆ ಶುರು ಮಾಡಬೇಕೆಂದರೆ ನನ್ನ ಮೊದಲ ಹೆಸರು ಇದೇ. ಒಂದು ಎಚ್ಚರಿಕೆ ಇದೆ. ಕೂಸಿನ ಬಲಿಯ ಭಾಗ ಮನಸ್ಸನ್ನು ಹಿಂಡುತ್ತದೆ. ಮನೆಯಲ್ಲಿ ಬಾಣಂತಿ ಇದ್ದರೆ, ಚಿಕ್ಕ ಮಗು ಇದ್ದರೆ ಈಗಲೇ ಬೇಡ ಎಂದು ನಾನೇ ಹೇಳಿದ್ದುಂಟು.

ಮೂರನೆಯ ದಾರಿ ಚಂದ್ರಶೇಖರ ಕಂಬಾರರದ್ದು. ಹುಕ್ಕೇರಿ ತಾಲೂಕಿನ ಘೋಡಗೇರಿಯವರು, 2010ರ ಜ್ಞಾನಪೀಠ ಪಡೆದವರು. ಇವರ ಶಿವಾಪುರ ಎಂಬ ಊರು ಭೂಪಟದಲ್ಲಿ ಹುಡುಕುವ ಊರಲ್ಲ, ಇವರ ನಾಟಕ, ಕಾವ್ಯ, ಕಾದಂಬರಿ ಎಲ್ಲದರಲ್ಲೂ ಬಂದು ಹೋಗುವ ಊರು. 1975ರ 'ಕರಿಮಾಯಿ' ಮತ್ತು 1982ರ 'ಸಿಂಗಾರೆವ್ವ ಮತ್ತು ಅರಮನೆ' ಇವೆರಡರ ನಡುವೆ ಯಾವುದು ಎಂದು ಕೇಳುವವರು ಬಹಳ.

'ಕರಿಮಾಯಿ' ಊರ ದೇವತೆಯ ಸುತ್ತ ಕಟ್ಟಿದ್ದು. ಪೇಟೆಯಲ್ಲಿ ಓದಿ ಬಂದ ಗುಡಸೀಕರನೆಂಬ ಹುಡುಗ ಊರನ್ನು 'ಸುಧಾರಿಸಲು' ಹೊರಡುತ್ತಾನೆ. ಅಲ್ಲಿಂದ ಮುಂದೆ ನಗು, ಬೈಗುಳ, ರಾಜಕೀಯ, ಭಕ್ತಿ ಎಲ್ಲ ಒಂದೇ ಹರಿವಿನಲ್ಲಿ ಬರುತ್ತವೆ. ಕಥೆ ಹೇಳುವವನಿಗೆ ಅವಸರವೇ ಇಲ್ಲ. ಕಟ್ಟೆಯ ಮೇಲೆ ಕೂತು ಹೇಳಿದ ಹಾಗೆ ಹೇಳುತ್ತಾನೆ, ನಡುವೆ ಬೇರೆ ದಾರಿ ಹಿಡಿದು ಮತ್ತೆ ಬರುತ್ತಾನೆ. ಊರ ಪಂಚಾಯ್ತಿ ಚುನಾವಣೆ ಹತ್ತಿರದಿಂದ ನೋಡಿದವರಿಗೆ ಈ ಪುಸ್ತಕ ರುಚಿಸುತ್ತದೆ. ಈಗಿನ ಚುನಾವಣೆಗೂ ಇದಕ್ಕೂ ಏನು ಸಂಬಂಧ ಎಂದು ಓದಿದವರೇ ಹೇಳಲಿ.

'ಸಿಂಗಾರೆವ್ವ' ಒಳಮನೆಯ ಕಥೆ. ದೇಸಾಯರ ಹಳೆಯ ವಾಡೆ, ಅಲ್ಲಿಗೆ ಸೊಸೆಯಾಗಿ ಬಂದ ಹೆಣ್ಣು, ಮೇಲಿನ ಠೀವಿ, ಒಳಗಿನ ಟೊಳ್ಳು. ವಾಡೆಯಲ್ಲಿ ಅವಳ ಜೊತೆಗಿದ್ದ ಆಳುಹೆಣ್ಣಿನ ಬಾಯಿಂದ ಬಹುಪಾಲು ಕಥೆ ಕೇಳುತ್ತೇವೆ. ನಮ್ಮ ಕಡೆ ಎಷ್ಟು ಊರುಗಳಲ್ಲಿ ಅಂಥ ವಾಡೆಗಳು ಅರ್ಧ ಬಿದ್ದು ನಿಂತಿವೆ, ಅಲ್ವಾ? ಅವುಗಳ ಮುಂದೆ ಹಾದು ಹೋಗುವಾಗ ಒಳಗೆ ಏನು ನಡೆದಿರಬಹುದು ಎಂದು ಯೋಚಿಸಿದವರು ಇದನ್ನು ಓದಬೇಕು. ಎರಡರಲ್ಲಿ ಒಂದೇ ಎಂದರೆ ನನ್ನ ಮತ 'ಸಿಂಗಾರೆವ್ವ'ನಿಗೆ. ಕಥೆಯ ಎಳೆ ಬಿಗಿಯಾಗಿದೆ, ಕೈಬಿಟ್ಟರೂ ಎಲ್ಲಿ ಬಿಟ್ಟೆ ಎಂದು ಗೊತ್ತಿರುತ್ತದೆ. ಕಂಬಾರರ 'ಶಿಖರಸೂರ್ಯ' ದೊಡ್ಡ ಪುಸ್ತಕ. ಅದನ್ನು ಇವೆರಡೂ ಮುಗಿದ ಮೇಲೆ ಕೈಗೆತ್ತಿಕೊಳ್ಳಿ. ಜ್ಞಾನಪೀಠ ಎಂದು ನೋಡಿ ಮೊದಲು ಅದನ್ನೇ ಹಿಡಿದು ಸುಸ್ತಾದವರು ಉಂಟು.

ಬೇರೆ ಸೀಮೆಯವರಿಗೆ ಈ ಮಾತು ತೊಡಕಾದರೆ ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' ಒಂದು ಸೇತುವೆ. ನವಲಗುಂದದ ಒಂದು ಬ್ರಾಹ್ಮಣ ಮನೆತನದ ಹಲವು ತಲೆಮಾರುಗಳ ಕಥೆ, 2008ರಲ್ಲಿ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಮಾತು ಧಾರವಾಡ ಸೀಮೆಯದು, ಆದರೆ ನಗು ಎಲ್ಲರಿಗೂ ಅರ್ಥವಾಗುತ್ತದೆ. ವೈದ್ಯರ ಹಾಸ್ಯ ಯಾರನ್ನೂ ಚುಚ್ಚುವುದಿಲ್ಲ, ದುಃಖದ ಪಕ್ಕದಲ್ಲೇ ಕೂತಿರುತ್ತದೆ. ಮೈಸೂರಿನಿಂದ ಬಂದ ಸೊಸೆಗೆ ನಮ್ಮ ಕಡೆಯ ಮಾತು ಕಲಿಸಬೇಕೆಂದರೆ ವ್ಯಾಕರಣಕ್ಕಿಂತ ಇದು ಮೇಲು.

ಇನ್ನು ಬಸವರಾಜ ಕಟ್ಟೀಮನಿ ಮತ್ತು ಕೃಷ್ಣಮೂರ್ತಿ ಪುರಾಣಿಕ. ಒಂದು ಕಾಲಕ್ಕೆ ಗ್ರಂಥಾಲಯದಲ್ಲಿ ಹಾಳೆ ಸವೆಯುವಷ್ಟು ಜನ ಓದಿದ ಇಬ್ಬರು. ಕಟ್ಟೀಮನಿ ಗೋಕಾಕ ತಾಲೂಕಿನ ಮಲಾಮರಡಿಯವರು, ಪುರಾಣಿಕರು ಬೀಳಗಿಯವರು. ಈಗಿನ ವಿಮರ್ಶಕರು ಇಬ್ಬರನ್ನೂ ಒಂದೇ ಉಸಿರಿನಲ್ಲಿ 'ಜನಪ್ರಿಯ' ಎಂದು ಹೇಳಿ ಮುಂದೆ ಹೋಗುತ್ತಾರೆ. ಅದು ಸರಿಯಲ್ಲ. ಇಬ್ಬರ ಓದುಗರೇ ಬೇರೆ.

ಕಟ್ಟೀಮನಿ ಪತ್ರಕರ್ತರು, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು. ಬರವಣಿಗೆಯಲ್ಲಿ ಸಿಟ್ಟು ಮುಚ್ಚಿಡುವವರಲ್ಲ. 'ಮಾಡಿ ಮಡಿದವರು' 1942ರ ಚಳವಳಿ ನಮ್ಮ ಹಳ್ಳಿಗಳಲ್ಲಿ ಹೇಗೆ ನಡೆಯಿತು ಎಂದು ಹೇಳುತ್ತದೆ. ಇತಿಹಾಸದ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ವಿಷಯ ಇಲ್ಲಿ ಮನುಷ್ಯರಾಗಿ ಬರುತ್ತದೆ. 'ಜರತಾರಿ ಜಗದ್ಗುರು' ಮಠದ ಒಳಗಿನ ಡಾಂಭಿಕತನವನ್ನು ನೇರವಾಗಿ ಕೆದಕುತ್ತದೆ. ಮಠಗಳು ಇಷ್ಟಿರುವ ನಮ್ಮ ನಾಡಿನಲ್ಲಿ ಆ ಕಾಲಕ್ಕೆ ಹಾಗೆ ಬರೆಯುವುದಕ್ಕೆ ಎದೆಗಾರಿಕೆ ಬೇಕಿತ್ತು. 'ಜ್ವಾಲಾಮುಖಿಯ ಮೇಲೆ' ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. 1980ರಲ್ಲಿ ಬೆಳಗಾವಿಯಲ್ಲೇ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕಾಲೇಜಿನ ಹುಡುಗರು, ಸಂಘಟನೆಯಲ್ಲಿ ಓಡಾಡುವವರು, ಬೆಳಿಗ್ಗೆ ಪೇಪರು ಓದಿ ಸಿಟ್ಟಾಗುವವರು ಕಟ್ಟೀಮನಿಯನ್ನು ಓದಲಿ. ಕೊರತೆಯೂ ಹೇಳಬೇಕು. ಕೆಲವು ಕಡೆ ಪಾತ್ರ ಮಾತಾಡುವುದಿಲ್ಲ, ಲೇಖಕರೇ ಭಾಷಣ ಮಾಡುತ್ತಾರೆ. ಅಂಥ ಪುಟ ಹಾರಿಸಿದರೂ ಕಥೆ ತಪ್ಪುವುದಿಲ್ಲ.

ಪುರಾಣಿಕರದು ಮನೆಯ ಒಳಗಿನ ಲೋಕ. ಅಣ್ಣ ತಮ್ಮಂದಿರ ಪಾಲು, ಅತ್ತೆ ಸೊಸೆ, ಮನೆತನದ ಮಾನ ಉಳಿಸಲು ಎಲ್ಲ ನುಂಗಿಕೊಂಡ ಹೆಣ್ಣು. ಅವರ 'ಧರ್ಮದೇವತೆ' 1962ರಲ್ಲಿ 'ಕರುಣೆಯೇ ಕುಟುಂಬದ ಕಣ್ಣು' ಸಿನಿಮಾ ಆಯಿತು. ರಾಜ್‌ಕುಮಾರ್ ಶಹನಾಯಿ ಹಿಡಿದ 'ಸನಾದಿ ಅಪ್ಪಣ್ಣ'ದ ಕಥೆಯೂ ಇವರದ್ದೇ. ಧಾರಾವಾಹಿ ನೋಡುವ ಅತ್ತಿಗೆಗೆ, ಕಣ್ಣೀರು ಹಾಕಿ ಓದುವುದನ್ನು ತಪ್ಪೆಂದು ತಿಳಿಯದ ದೊಡ್ಡಮ್ಮನಿಗೆ ಪುರಾಣಿಕರು ಸರಿ. ಇವತ್ತಿನ ಹುಡುಗಿಯರು ಓದಿದರೆ "ಆಕಿ ಯಾಕ ಸುಮ್ನ ಇದ್ಲು?" ಎಂದು ಕೇಳುತ್ತಾರೆ. ಕೇಳಲಿ. ತಾಯಿ ಮಗಳು ಒಂದೇ ಪುಸ್ತಕ ಓದಿ ಜಗಳಾಡುವುದಕ್ಕೆ ಪುರಾಣಿಕರಷ್ಟು ಅನುಕೂಲವಾದ ಲೇಖಕ ಇನ್ನೊಬ್ಬರಿಲ್ಲ.

ಹೊತ್ತೇ ಇಲ್ಲದವರ ವಿಷಯಕ್ಕೆ ಬರುತ್ತೇನೆ. ವಿಜಯಪುರದಿಂದ ಬಾಗಲಕೋಟೆಗೆ ದಿನಾ ಓಡಾಡುವ ನೌಕರರಿದ್ದಾರೆ. ಬಸ್ಸಿನಲ್ಲಿ ಕುಲುಕಾಟ, ರೈಲಿನಲ್ಲಿ ಆಲಮಟ್ಟಿ ದಾಟುವಷ್ಟರಲ್ಲಿ ಗದ್ದಲ. ಅವರಿಗೆ ದಪ್ಪ ಕಾದಂಬರಿ ಬೇಡ. ಇಂಡಿಯಲ್ಲಿ ಹುಟ್ಟಿದ ರಾಘವೇಂದ್ರ ಖಾಸನೀಸರ ಕಥೆಗಳು ಒಂದು ಪ್ರಯಾಣಕ್ಕೆ ಒಂದರಂತೆ ಮುಗಿಯುತ್ತವೆ. ಅವರು ಬರೆದದ್ದು ಕಡಿಮೆ. 'ತಬ್ಬಲಿಗಳು' ಒಂದೇ ಓದಿದರೂ ಸಾಕು, ಅವರು ಯಾರು ಎಂದು ತಿಳಿಯುತ್ತದೆ. ಆದರೆ ಇವು ಹಗುರ ಕಥೆಗಳಲ್ಲ. ಕಥೆ ಮುಗಿದರೂ ಒಂದು ಬಾಗಿಲು ಮುಚ್ಚದೆ ಉಳಿಯುತ್ತದೆ. ನಿಜವಾಗಿ ಏನಾಯಿತು ಎಂದು ಲೇಖಕರು ಬಿಡಿಸಿ ಹೇಳುವುದಿಲ್ಲ. ಹಾಗೆ ಬಿಟ್ಟರೆ ಸಿಟ್ಟು ಬರುವವರು ಖಾಸನೀಸರನ್ನು ಬಿಟ್ಟು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಹಿಡಿಯಲಿ. ಮಲೆನಾಡಿನ ಕಾಡು, ಒಬ್ಬ ವಿಜ್ಞಾನಿ, ಮಂದಣ್ಣನೆಂಬ ಹಳ್ಳಿಗ, ಒಂದು ಹಾರುವ ಓತಿ. ನಮ್ಮ ಬಯಲಿನವರಿಗೆ ಆ ಮಳೆಯೇ ಒಂದು ಹೊಸ ಲೋಕ. ಹದಿನೈದರ ಹುಡುಗನಿಂದ ಎಪ್ಪತ್ತರ ಕಾಕಾವರೆಗೆ ಇದನ್ನು ಬೇಡ ಎಂದವರನ್ನು ನಾನು ಕಂಡಿಲ್ಲ.

ಇದೇ ಗಾತ್ರದಲ್ಲಿ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೂಡ ಇದೆ. ಬಡತನದಿಂದ ಒಮ್ಮೆಲೇ ದುಡ್ಡು ಕಂಡ ಬೆಂಗಳೂರಿನ ಮನೆಯೊಂದು ಹೇಗೆ ಬದಲಾಯಿತು ಎಂಬ ಕಥೆ. ಶೈಲಿ ನುಣುಪು, ಒಳಗೆ ಚೂರಿ. ಹೊಲಕ್ಕೆ ಪರಿಹಾರ ಬಂದ ಮೇಲೆ ಮನೆ ಒಡೆದದ್ದನ್ನು ಕಣ್ಣಾರೆ ಕಂಡ ಬಾಗಲಕೋಟೆ ಕಡೆಯವರಿಗೆ ಈ ಬೆಂಗಳೂರಿನ ಕಥೆ ಅಷ್ಟೇನೂ ದೂರದ್ದು ಅನಿಸುವುದಿಲ್ಲ.

ಇತಿಹಾಸ ಬೇಕೆನ್ನುವವರಿಗೆ ಎರಡು ಸಾಲು ಸಾಕು. ವೀರ, ಕೋಟೆ, ಸ್ವಾಮಿನಿಷ್ಠೆ, ಕಣ್ಣು ತುಂಬುವ ಕೊನೆ ಬೇಕೆಂದರೆ ತ.ರಾ.ಸು. ಅವರ 'ದುರ್ಗಾಸ್ತಮಾನ'. ರಾಜರಿಗಿಂತ ಸಾಮಾನ್ಯ ಜನರ ಕಡೆಯಿಂದ ಚರಿತ್ರೆ ಬೇಕು, ಲಿಸ್ಬನ್ನಿನಿಂದ ತುಂಗಭದ್ರೆಯವರೆಗೆ ಹೋಗಬೇಕು ಎಂದರೆ ವಸುಧೇಂದ್ರರ 'ತೇಜೋ ತುಂಗಭದ್ರಾ'. ಎರಡನೆಯದರ ಭಾಷೆ ಇಂದಿನದು, ಓಟವೂ ಜೋರು. ಗೋಲಗುಂಬಜಿನ ನೆರಳಲ್ಲಿ ಬೆಳೆದವರಿಗೆ ಆದಿಲ್‌ಶಾಹಿಯ ಬಗ್ಗೆ ಇಂಥದೇ ಒಂದು ಕಾದಂಬರಿ ಬೇಕು ಅನಿಸುವುದು ಸಹಜ.

ಬೆಳಗಾವಿ, ಚಿಕ್ಕೋಡಿ, ಅಥಣಿ ಕಡೆ ಇನ್ನೊಂದು ಬಗೆಯ ಓದುಗರಿದ್ದಾರೆ. ಮನೆಯಲ್ಲಿ ಕನ್ನಡ, ಓದಿದ್ದು ಮರಾಠಿಯಲ್ಲಿ. ಅಕ್ಷರ ಗೊತ್ತು, ಆದರೆ ಓಟವಿಲ್ಲ. ಇವರಿಗೆ ನಾನು ಹೇಳುವುದು ಖಾಂಡೇಕರರ 'ಯಯಾತಿ'ಯ ಕನ್ನಡ ಅನುವಾದ, ವಿ.ಎಂ. ಇನಾಂದಾರರು ಮಾಡಿದ್ದು. ಮರಾಠಿಯಲ್ಲಿ ಕಥೆ ಗೊತ್ತಿದ್ದವರಿಗೆ ಕನ್ನಡದ ಸಾಲು ತಾನೇ ಬಿಚ್ಚಿಕೊಳ್ಳುತ್ತದೆ. ಅದಾದ ಮೇಲೆ ಶೇಡಬಾಳದ ಮಿರ್ಜಿ ಅಣ್ಣಾರಾಯರ 'ನಿಸರ್ಗ'. ಕೃಷ್ಣಾ ದಂಡೆಯ ಗಡಿ ಸೀಮೆಯ ಮಾತು, ಒಕ್ಕಲುತನ, ಜೈನ ಮನೆಗಳ ಬದುಕು ಅದರಲ್ಲಿದೆ. ಗಡಿ ಎಂದರೆ ಬರೀ ಜಗಳ ಅಂತ ಟಿ.ವಿ.ಯಲ್ಲಿ ನೋಡಿದವರಿಗೆ ಅಲ್ಲಿ ಜನ ಹೇಗೆ ಬದುಕುತ್ತಿದ್ದರು ಎಂದು ಅಣ್ಣಾರಾಯರು ತೋರಿಸುತ್ತಾರೆ. ಇದೇ ಜೈನ ಸಮಾಜವನ್ನು ಹೊಸ ಕಾಲದಲ್ಲಿ, ಓದಿದವರ ಕಣ್ಣಿನಿಂದ ನೋಡಬೇಕೆಂದರೆ ಶಾಂತಿನಾಥ ದೇಸಾಯಿಯವರ 'ಓಂ ಣಮೋ' ಇದೆ. ಅದಕ್ಕೆ 2000ದಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. 'ನಿಸರ್ಗ' ಬೇಗ ಹಿಡಿಸುತ್ತದೆ. 'ಓಂ ಣಮೋ'ದಲ್ಲಿ ಚರ್ಚೆ ಜಾಸ್ತಿ, ಧರ್ಮದ ಬಗ್ಗೆ ವಾದ ಮಾಡುವ ಗುಣವಿದ್ದವರಿಗೆ ಹೇಳಿ ಮಾಡಿಸಿದ್ದು.

ಪ್ರಶಸ್ತಿ ನೋಡಿ ಆರಿಸಬಹುದೇ ಎಂದು ಕೇಳುತ್ತಾರೆ. ಮೇಲೆ ನಾನೇ ಹಲವು ಪ್ರಶಸ್ತಿ ಹೇಳಿದ್ದೇನೆ. ಅದು ಪುಸ್ತಕ ಅಂಗಡಿಯಲ್ಲಿ ಸಿಗುವ ಸಾಧ್ಯತೆ ಹೆಚ್ಚು ಎಂಬುದಕ್ಕೆ ಗುರುತು, ನಿಮಗೆ ಹಿಡಿಸುತ್ತದೆ ಎಂಬುದಕ್ಕಲ್ಲ. 'ಗ್ರಾಮಾಯಣ'ವನ್ನೂ 'ಕರ್ವಾಲೊ'ವನ್ನೂ ಪ್ರಶಸ್ತಿಯ ಪಟ್ಟಿ ನೋಡಿ ಯಾರೂ ಓದಿದ್ದಲ್ಲ, ಒಬ್ಬರು ಇನ್ನೊಬ್ಬರಿಗೆ ಹೇಳಿ ಓದಿಸಿದ್ದು. ಭೈರಪ್ಪನವರ ವಿಷಯದಲ್ಲಂತೂ ಪುಸ್ತಕಕ್ಕಿಂತ ಮೊದಲು ವಾದವೇ ಶುರುವಾಗುತ್ತದೆ. ಪರವೋ ವಿರೋಧವೋ ಆಮೇಲೆ ನೋಡೋಣ, ಮೊದಲು 'ಗೃಹಭಂಗ' ಓದಿ. ಬಡತನ, ಪ್ಲೇಗು, ಒಬ್ಬ ತಾಯಿಯ ಹಟ. 'ಪರ್ವ' ಬೇಕೆಂದರೆ ಮಹಾಭಾರತ ಚೆನ್ನಾಗಿ ಗೊತ್ತಿರಲಿ. ಬಯಲಾಟ, ಶ್ರೀಕೃಷ್ಣ ಪಾರಿಜಾತದ ಆಟ ನೋಡಿ ಬೆಳೆದ ಹಿರಿಯರು ಅದನ್ನು ಓದಿ ಕೃಷ್ಣನನ್ನು ಹೀಗೆ ಮಾಡುವುದೇ ಎಂದು ಬೇಜಾರಾಗುವುದೂ ಉಂಟು.

ಇನ್ನು ಕೊಳ್ಳುವ ಮಾತು. ಕಂಬಾರ, ತೇಜಸ್ವಿ, ಭೈರಪ್ಪ, ವಸುಧೇಂದ್ರ ಇವರ ಪುಸ್ತಕ ಜಿಲ್ಲಾ ಕೇಂದ್ರದ ಅಂಗಡಿಯಲ್ಲಿ ಇಲ್ಲದಿದ್ದರೂ ಹೇಳಿದರೆ ತರಿಸಿಕೊಡುತ್ತಾರೆ, ಅಂಚೆಯಲ್ಲೂ ಬರುತ್ತವೆ. ಕಟ್ಟೀಮನಿ, ಪುರಾಣಿಕ, ಮಿರ್ಜಿ ಅಣ್ಣಾರಾಯರದು ಹಾಗಲ್ಲ. ಕೆಲವು ಮರುಮುದ್ರಣ ಕಂಡಿವೆ, ಕೆಲವಕ್ಕೆ ಹುಡುಕಾಟ ತಪ್ಪದು. ಇವರಿಗಾಗಿ ಅಂಗಡಿಗಿಂತ ಮೊದಲು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ತಾಲೂಕಿನ ಹಳೆಯ ಗ್ರಂಥಾಲಯಗಳಲ್ಲಿ, ಹಳೆಯ ಕಾಲೇಜುಗಳಲ್ಲಿ ಈ ಲೇಖಕರ ಪುಸ್ತಕ ಸಿಗುವ ಸಾಧ್ಯತೆ ಜಾಸ್ತಿ. ಧಾರವಾಡದ ಕಡೆ ಕೆಲಸವಿದ್ದರೆ 1933ರಿಂದ ನಡೆದು ಬಂದ ಮನೋಹರ ಗ್ರಂಥಮಾಲೆಯ ಅಟ್ಟವನ್ನೂ ಹತ್ತಿ ಬನ್ನಿ. ಉತ್ತರ ಕರ್ನಾಟಕದ ಬರಹಗಾರರನ್ನು ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಿವೃತ್ತಿಯ ಸಮಾರಂಭಕ್ಕೆ ಶಾಲು, ಫಲಕದ ಜೊತೆ ಪುಸ್ತಕ ಕೊಡುವ ರೂಢಿ ಈಗ ಬರುತ್ತಿದೆ. ಅಲ್ಲಿಗೆ ನಾನು 'ಹಳ್ಳ ಬಂತು ಹಳ್ಳ' ಹೇಳುತ್ತೇನೆ, ಶಾಲೆಯ ಟೀಚರಮ್ಮ ಅಕ್ಕೋರಿಗಾದರೆ 'ಸಿಂಗಾರೆವ್ವ'. ತರುವ ಮುನ್ನ ಪುಟ ತೆರೆದು ಅಕ್ಷರದ ಗಾತ್ರ ನೋಡಿ. ಕೆಲವು ಹಳೆಯ ಮುದ್ರಣಗಳಲ್ಲಿ ಅಕ್ಷರ ಬಹಳ ಸಣ್ಣ, ಸಾಲುಗಳು ಒತ್ತೊತ್ತು. ಅರವತ್ತು ದಾಟಿದ ಕಣ್ಣಿಗೆ ರಾತ್ರಿ ದೀಪದಲ್ಲಿ ಅದು ಆಗುವುದಿಲ್ಲ. ಎರಡು ಮುದ್ರಣ ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಹೊಸದನ್ನೇ ಕೊಳ್ಳಿ.